ಪಿಎನ್‌ಜಿ, ಟಿಫ್ ಆಚೆಗೆ: ಒಂದು ಪಿಕ್ಸೆಲ್ ಕೂಡ ಕೆಡದಂತೆ ಚಿತ್ರಗಳನ್ನು ಹೊಸ ಫಾರ್ಮ್ಯಾಟ್‌ಗೆ ತರುವ ಕ್ರಮ

ಎ4 ಅಳತೆಯ ಒಂದು ಪುಟವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಪೂರ್ಣ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 4960 ಅಗಲ, 7016 ಎತ್ತರ, ಹತ್ತಿರ ಹತ್ತಿರ ಮೂರೂವರೆ ಕೋಟಿ ಪಿಕ್ಸೆಲ್‌ಗಳ ಚಿತ್ರ ಸಿಗುತ್ತದೆ. ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ 104 ಎಂಬಿ. ಇನ್ನೂರು ಪುಟದ ಒಂದೇ ಪುಸ್ತಕ 20 ಜಿಬಿ ದಾಟುತ್ತದೆ. ಹಳೆಯ ಮಾಸಪತ್ರಿಕೆಗಳನ್ನು, ಮನೆತನದ ಕಾಗದಪತ್ರಗಳನ್ನು, ತಾಳೆಗರಿಯ ಚಿತ್ರಗಳನ್ನು ಸ್ವಂತ ಖರ್ಚಿನಲ್ಲಿ ಕಾಪಿಡುತ್ತಿರುವವರ ಹಾರ್ಡ್ ಡಿಸ್ಕ್‌ಗಳು ಬೇಗ ತುಂಬುವುದು ಇದರಿಂದಲೇ.

‘ಜೆಪೆಗ್ ಮಾಡಿಬಿಡಿ’ ಎಂಬ ಸಲಹೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆದರೆ ಜೆಪೆಗ್ ಅಕ್ಷರಗಳ ಅಂಚಿನ ಸುತ್ತ ಮಸುಕು ಕಲೆಗಳನ್ನು ಬಿಡುತ್ತದೆ. ಸಣ್ಣ ಅಚ್ಚಿನ ಕನ್ನಡದಲ್ಲಿ ಒತ್ತಕ್ಷರಗಳು ಮೊದಲೇ ಇಕ್ಕಟ್ಟಾಗಿ ಕುಳಿತಿರುತ್ತವೆ. ಅವುಗಳ ಮೇಲೆ ಈ ಮಸುಕೂ ಸೇರಿದರೆ ಓದುವವರಿಗೂ ಕಷ್ಟ, ಮುಂದೆ ಆ ಪುಟವನ್ನು ಓಸಿಆರ್‌ಗೆ, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ, ಕೊಡುವವರಿಗೂ ಕಷ್ಟ. ಹೀಗಾಗಿ ನಷ್ಟರಹಿತ ಫಾರ್ಮ್ಯಾಟ್ ಬೇಕು, ಅಂದರೆ ತೆರೆದಾಗ ಪ್ರತಿ ಪಿಕ್ಸೆಲ್ ಮೂಲದಲ್ಲಿದ್ದಂತೆಯೇ ಮರಳಿ ಬರುವಂಥದ್ದು. ಈ ಕೆಲಸವನ್ನು ಇದುವರೆಗೆ ಟಿಫ್ ಮತ್ತು ಪಿಎನ್‌ಜಿ ಮಾಡಿಕೊಂಡು ಬಂದಿವೆ. ಅವುಗಳಿಗಿಂತ ಚೆನ್ನಾಗಿ ಮಾಡುವ ಫಾರ್ಮ್ಯಾಟ್‌ಗಳು ಈಗ ಇವೆ. ಆದರೆ ಅವುಗಳಲ್ಲಿ ಬಹುಪಾಲು ನಷ್ಟರಹಿತವಾಗಿಯೂ ಇರಬಹುದು, ನಷ್ಟಸಹಿತವಾಗಿಯೂ ಇರಬಹುದು. ಫೈಲಿನ ಹೆಸರು ನೋಡಿ ಯಾವುದೆಂದು ಹೇಳಲಾಗದು. ಈ ಲೇಖನದ ಹೆಚ್ಚಿನ ಭಾಗ ಆ ಗೊಂದಲದಲ್ಲಿ ಬೀಳದೆ ದಾಟುವ ಬಗೆಯನ್ನೇ ಕುರಿತದ್ದು.

ಹಳೆಯವು ಎಲ್ಲಿ ಸೋಲುತ್ತವೆ

ಬಿಎಂಪಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ: ಸಾಮಾನ್ಯವಾಗಿ ಅದು ಏನನ್ನೂ ಕುಗ್ಗಿಸುವುದಿಲ್ಲ. ನಿಮ್ಮಲ್ಲಿ ಬಿಎಂಪಿ ಫೈಲ್‌ಗಳಿದ್ದರೆ ಯೋಚಿಸದೆ ಬದಲಾಯಿಸಿ.

1987ರಲ್ಲಿ ಕಂಪ್ಯೂಸರ್ವ್ ಸಂಸ್ಥೆ ತಂದ ಜಿಫ್‌ನಲ್ಲಿ ಒಂದು ಚಿತ್ರಕ್ಕೆ 256 ಬಣ್ಣ ಮಾತ್ರ. ಅದರ ಒಳಗಿನ ಎಲ್‌ಜೆಡ್‌ಡಬ್ಲ್ಯು ಸಂಕುಚನ ವಿಧಾನದ ಪೇಟೆಂಟ್ ಯೂನಿಸಿಸ್ ಕಂಪನಿಯ ಕೈಯಲ್ಲಿತ್ತು. 1994ರ ಕೊನೆಯಲ್ಲಿ ಅದಕ್ಕೆ ಶುಲ್ಕ ಕೇಳುವ ಮಾತು ಬಂದಾಗ ತಂತ್ರಾಂಶ ಬರೆಯುವವರು ಸಿಟ್ಟಾದರು. 1995ರ ಜನವರಿಯಲ್ಲಿ ಥಾಮಸ್ ಬೌಟೆಲ್ ಪೇಟೆಂಟ್ ಹಂಗಿಲ್ಲದ ಹೊಸ ಫಾರ್ಮ್ಯಾಟ್‌ನ ಕರಡನ್ನು ಮುಂದಿಟ್ಟರು. ಅದೇ ಪಿಎನ್‌ಜಿ ಆಯಿತು; 1996ರ ಅಕ್ಟೋಬರ್‌ನಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ ಅದಕ್ಕೆ ಶಿಫಾರಸಿನ ಮುದ್ರೆ ಒತ್ತಿತು. ಸಿಟ್ಟಿನಲ್ಲಿ ಹುಟ್ಟಿದ್ದಾದರೂ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮೂವತ್ತು ವರ್ಷ ಕಳೆದರೂ ಅದನ್ನು ತೆರೆಯದ ಯಂತ್ರವಿಲ್ಲ.

ಆದರೆ ಅದರ ಸಂಕುಚನ ಆ ಕಾಲದ್ದೇ. ಪಿಎನ್‌ಜಿ ಮೊದಲು ಪ್ರತಿ ಸಾಲಿನ ಪಿಕ್ಸೆಲ್‌ಗಳನ್ನು ಎಡಬದಿಯ ಮತ್ತು ಮೇಲಿನ ನೆರೆಯವುಗಳೊಂದಿಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುತ್ತದೆ. ಬಳಿಕ ಡಿಫ್ಲೇಟ್ ಎಂಬ ವಿಧಾನದಿಂದ, ಅಂದರೆ ಜಿಪ್ ಫೈಲ್‌ಗಳಲ್ಲಿರುವ ವಿಧಾನದಿಂದಲೇ, ಕುಗ್ಗಿಸುತ್ತದೆ. ಡಿಫ್ಲೇಟ್ ಮರುಕಳಿಸುವ ತುಣುಕನ್ನು ಹುಡುಕುವಾಗ ಹಿಂದಿರುಗಿ ನೋಡಬಲ್ಲದ್ದು 32 ಕಿಲೋಬೈಟ್ ಮಾತ್ರ. ಮೇಲೆ ಹೇಳಿದ ಎ4 ಸ್ಕ್ಯಾನ್‌ನಲ್ಲಿ ಒಂದು ಸಾಲು ಪಿಕ್ಸೆಲ್‌ಗಳೇ 14,880 ಬೈಟ್ ಆಗುತ್ತವೆ. ಹಾಗಾಗಿ ಪಿಎನ್‌ಜಿಯ ದೃಷ್ಟಿ ಎರಡು ಸಾಲುಗಳಿಗಿಂತ ಸ್ವಲ್ಪ ಆಚೆಗಷ್ಟೇ ಹೋಗುತ್ತದೆ. ಪುಟದ ಉದ್ದಕ್ಕೂ ಅದೇ ಗೆರೆ, ಅದೇ ಅಂಚುಪಟ್ಟಿ ಎಷ್ಟು ಬಾರಿ ಬಂದರೂ ಅದಕ್ಕೆ ಪ್ರತಿ ಬಾರಿಯೂ ಹೊಸದೇ.

ಎರಡನೆಯ ಕೊರತೆ ಬಣ್ಣದ್ದು. ಹಳೆಯ ಕಾಗದದಲ್ಲಿ ಕೆಂಪು, ಹಸಿರು, ನೀಲಿ ಮೂರರ ಮೌಲ್ಯಗಳೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಒಂದನ್ನು ತಿಳಿದರೆ ಉಳಿದೆರಡನ್ನು ಊಹಿಸಬಹುದು. ಪಿಎನ್‌ಜಿ ಈ ನಂಟನ್ನು ಬಳಸಿಕೊಳ್ಳುವುದಿಲ್ಲ. ಮೂರನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕುತ್ತದೆ. ಇದಲ್ಲದೆ ಅದರಲ್ಲಿ ಮುದ್ರಣದವರಿಗೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಗಳ ಬಣ್ಣಪದ್ಧತಿ) ಇಲ್ಲ, ದಶಾಂಶ ಮೌಲ್ಯದ ಪಿಕ್ಸೆಲ್‌ಗಳಿಲ್ಲ. 2025ರ ಜೂನ್‌ನಲ್ಲಿ ಪಿಎನ್‌ಜಿಯ ಮೂರನೆಯ ಆವೃತ್ತಿ ಬಂದು ಎಚ್‌ಡಿಆರ್ (ಹೆಚ್ಚು ಹೊಳಪಿನ ವ್ಯಾಪ್ತಿಯ) ಬಣ್ಣ, ಚಲಿಸುವ ಚಿತ್ರ, ಎಕ್ಸಿಫ್ (ದಿನಾಂಕ, ಕ್ಯಾಮೆರಾ ಮೊದಲಾದ) ಮಾಹಿತಿಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಸಂಕುಚನ ಮಾತ್ರ ಹಳೆಯದೇ ಉಳಿಯಿತು.

ಟಿಫ್ ಇನ್ನೂ ಹಿರಿಯದು. 1986ರಲ್ಲಿ ಆಲ್ಡಸ್ ಕಂಪನಿಯಿಂದ ಬಂತು; ಈಗಲೂ ಆಧಾರವಾಗಿರುವ 6.0 ಆವೃತ್ತಿ 1992ರದ್ದು. ಇದನ್ನು ಒಂದು ಫಾರ್ಮ್ಯಾಟ್ ಎನ್ನುವುದಕ್ಕಿಂತ ಏನನ್ನು ಬೇಕಾದರೂ ತುಂಬಬಹುದಾದ ಪೆಟ್ಟಿಗೆ ಎನ್ನುವುದು ಸರಿ. ಒಳಗೆ ಕುಗ್ಗಿಸದ ದತ್ತಾಂಶ ಇರಬಹುದು, ಎಲ್‌ಜೆಡ್‌ಡಬ್ಲ್ಯು ಇರಬಹುದು, ಜಿಪ್ ಇರಬಹುದು. ಕೊನೆಗೆ ಜೆಪೆಗ್ ಕೂಡ ಇರಬಹುದು! ಅಂದರೆ ಟಿಫ್ ಎಂದ ಮಾತ್ರಕ್ಕೆ ನಷ್ಟವಾಗಿಲ್ಲವೆಂದು ನಂಬುವಂತಿಲ್ಲ. 32 ಬಿಟ್ ವಿಳಾಸ ಬಳಸುವುದರಿಂದ ಸಾಮಾನ್ಯ ಟಿಫ್ 4 ಜಿಬಿ ಮೀರಿ ಬೆಳೆಯಲಾರದು. ಚಾನೆಲ್‌ಗೆ, ಅಂದರೆ ಕೆಂಪು, ಹಸಿರು, ನೀಲಿಗಳಲ್ಲಿ ಒಂದೊಂದಕ್ಕೆ, 16 ಬಿಟ್ ಇರುವ ಚಿತ್ರಕ್ಕೆ ಎಲ್‌ಜೆಡ್‌ಡಬ್ಲ್ಯು ಹಾಕಿದರೆ ಫೈಲ್ ಕುಗ್ಗುವ ಬದಲು ಹಿಗ್ಗುವುದೂ ಉಂಟು. ಸಫಾರಿ ಬಿಟ್ಟರೆ ಪ್ರಮುಖ ಬ್ರೌಸರ್‌ಗಳು ಟಿಫ್ ತೋರಿಸುವುದಿಲ್ಲ.

ಹೊಸಬರಲ್ಲಿ ಯಾರನ್ನು ನಂಬುವುದು

ಗೂಗಲ್ 2010ರಲ್ಲಿ ವೆಬ್‌ಪಿಯನ್ನು ಪ್ರಕಟಿಸಿತು. ಅದರ ನಷ್ಟರಹಿತ ಬಗೆ ಮರುವರ್ಷ ಬಂತು. ಇದು ನಷ್ಟಸಹಿತ ವೆಬ್‌ಪಿಗಿಂತ ಪೂರ್ತಿ ಬೇರೆಯೇ ಆದ ವಿಧಾನ. ಎರಡಕ್ಕೂ ಒಂದೇ ಹೆಸರು ಕೊಟ್ಟದ್ದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಪಿಎನ್‌ಜಿಗಿಂತ ಸರಾಸರಿ ಶೇ. 26ರಷ್ಟು ಚಿಕ್ಕದಾಗುತ್ತದೆ ಎಂದು ಗೂಗಲ್ ಹೇಳುತ್ತದೆ. ಸ್ಕ್ರೀನ್‌ಶಾಟ್‌ಗಳಲ್ಲಿ ಉಳಿತಾಯ ಎದ್ದು ಕಾಣುತ್ತದೆ. ಫೈರ್‌ಫಾಕ್ಸ್ 2019ರಲ್ಲಿ, ಸಫಾರಿ 2020ರಲ್ಲಿ ಇದನ್ನು ಒಪ್ಪಿಕೊಂಡ ಮೇಲೆ ಜಾಲತಾಣಗಳಲ್ಲಿ ಬಳಸಲು ಅಡ್ಡಿಯೇನೂ ಉಳಿದಿಲ್ಲ. ಮಿತಿಗಳು ಎರಡು: ಚಾನೆಲ್‌ಗೆ 8 ಬಿಟ್ ಮಾತ್ರ, ಮತ್ತು ಯಾವ ಬದಿಯೂ 16,383 ಪಿಕ್ಸೆಲ್ ಮೀರುವಂತಿಲ್ಲ. 600 ಡಿಪಿಐ ಲೆಕ್ಕದಲ್ಲಿ ಅದು 27 ಇಂಚಿನ ಚಿಲ್ಲರೆ. ಎ2 ಹಾಳೆ ಹಿಡಿಸುತ್ತದೆ; ಎ1 ಅಳತೆಯ ಭೂಪಟ ಹಿಡಿಸುವುದಿಲ್ಲ.

ಜೆಪೆಗ್ ಎಕ್ಸ್‌ಎಲ್ 2022ರಲ್ಲಿ ಐಎಸ್‌ಒ ಮಾನಕವಾಯಿತು. ಹೆಸರಿನಲ್ಲಿ ಜೆಪೆಗ್ ಇದ್ದರೂ ನಷ್ಟರಹಿತ ಕೆಲಸದಲ್ಲಿ ಇಲ್ಲಿರುವ ಎಲ್ಲವುಗಳಿಗಿಂತ ಸಾಮಾನ್ಯವಾಗಿ ಇದೇ ಮುಂದು. ಚಾನೆಲ್‌ಗೆ 32 ಬಿಟ್‌ವರೆಗೆ, ದಶಾಂಶ ಮೌಲ್ಯಗಳು, ಸಿಎಂವೈಕೆ, ನೂರು ಕೋಟಿ ಪಿಕ್ಸೆಲ್ ದಾಟುವ ಬದಿ, ಎಲ್ಲಕ್ಕೂ ಜಾಗವಿದೆ. ತೊಡಕಿರುವುದು ಬ್ರೌಸರ್‌ಗಳಲ್ಲಿ. ಕ್ರೋಮ್ ಪ್ರಯೋಗಕ್ಕೆ ಸೇರಿಸಿಕೊಂಡಿದ್ದನ್ನು 110ನೇ ಆವೃತ್ತಿಯಲ್ಲಿ ಕಿತ್ತುಹಾಕಿತು. ಆ್ಯಪಲ್ 2023ರಲ್ಲಿ ಸಫಾರಿ 17ರಿಂದ ತೋರಿಸತೊಡಗಿತು, ಮರುವರ್ಷ ಐಫೋನ್ 16 ಪ್ರೊದ ಪ್ರೊರಾ (ಕ್ಯಾಮೆರಾದ ಕಚ್ಚಾ) ಚಿತ್ರಗಳಲ್ಲೂ ಬಳಸಿತು. 2025ರ ಕೊನೆಯಲ್ಲಿ ಕ್ರೋಮ್ ತಂಡ ಮನಸ್ಸು ಬದಲಿಸಿ, ಮೆಮೊರಿ ಸುರಕ್ಷಿತವಾದ ಡಿಕೋಡರ್ (ಚಿತ್ರ ಬಿಚ್ಚುವ ತಂತ್ರಾಂಶ) ಕೊಟ್ಟರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದಿತು. ಒಟ್ಟಿನಲ್ಲಿ, ನಿಮ್ಮ ಸಂಗ್ರಹಕ್ಕೆ ಇದು ಇಂದೇ ತಕ್ಕದ್ದು. ಎಲ್ಲರೂ ನೋಡುವ ಜಾಲತಾಣಕ್ಕೆ ಇದೊಂದನ್ನೇ ನೆಚ್ಚಬೇಡಿ.

ಎವಿಫ್ ಎಂಬ ಇನ್ನೊಂದು ಹೊಸ ಫಾರ್ಮ್ಯಾಟ್ ನಷ್ಟಸಹಿತ ಕೆಲಸದಲ್ಲಿ ಗಟ್ಟಿಗ. ನಷ್ಟರಹಿತವಾಗಿ ಬಳಸಿದರೆ ಬಹಳ ಸಲ ವೆಬ್‌ಪಿಗಿಂತ ದೊಡ್ಡ ಫೈಲ್ ಕೊಡುತ್ತದೆ, ಬಣ್ಣದ ಪರಿವರ್ತನೆಯ ಆಯ್ಕೆಯನ್ನು ಸರಿಯಾಗಿ ಕೊಡದಿದ್ದರೆ ನಷ್ಟರಹಿತವಾಗಿಯೂ ಉಳಿಯುವುದಿಲ್ಲ. ನಮ್ಮ ಈ ಕೆಲಸಕ್ಕೆ ಅದನ್ನು ಬಿಟ್ಟುಬಿಡೋಣ. 2015ರಲ್ಲಿ ಬಂದ ಫ್ಲಿಫ್ ಎಂಬುದೂ ಒಂದಿತ್ತು: ಸಂಕುಚನದಲ್ಲಿ ಪಿಎನ್‌ಜಿಯನ್ನು ಸುಲಭವಾಗಿ ಹಿಂದಿಕ್ಕುತ್ತಿತ್ತು, ಆದರೆ ಯಾವ ಬ್ರೌಸರೂ ಕೈಹಿಡಿಯಲಿಲ್ಲ. ಅದರ ಹಿಂದಿದ್ದ ಯಾನ್ ಸ್ನೇಯರ್ಸ್ ಮುಂದೆ ಜೆಪೆಗ್ ಎಕ್ಸ್‌ಎಲ್ ರೂಪಿಸಿದವರಲ್ಲಿ ಒಬ್ಬರಾದರು. ಆಗ ಫ್ಲಿಫ್‌ಗೆ ಎಲ್ಲವನ್ನೂ ಬದಲಾಯಿಸಿ ಮೂಲ ಅಳಿಸಿದವರ ಪಾಡನ್ನು ಯೋಚಿಸಿದರೆ, ಮುಂದಿನ ಹಂತಗಳಲ್ಲಿ ನಾನು ಇಷ್ಟು ಹುಷಾರಿನ ಮಾತಾಡುವುದೇಕೆಂದು ತಿಳಿಯುತ್ತದೆ.

ಹಂತ 1: ಮೊದಲು ವಿಂಗಡಿಸಿ

ಎಲ್ಲ ಚಿತ್ರಗಳಿಗೂ ಒಂದೇ ಮದ್ದು ಕೊಡಬೇಡಿ. ಸ್ಕ್ರೀನ್‌ಶಾಟ್, ನಕ್ಷೆ, ಕೋಷ್ಟಕಗಳು ಒಂದು ಫೋಲ್ಡರ್. ಬಣ್ಣದ ಅಥವಾ ಬೂದು ಛಾಯೆಯ ಸ್ಕ್ಯಾನ್‌ಗಳು ಇನ್ನೊಂದು. ಶುದ್ಧ ಕಪ್ಪು ಬಿಳುಪಿನ, ಅಂದರೆ ಪಿಕ್ಸೆಲ್‌ಗೆ ಒಂದೇ ಬಿಟ್ ಇರುವ ಪುಟಗಳು ಮತ್ತೊಂದು. ಕ್ಯಾಮೆರಾ, ಮೊಬೈಲ್‌ಗಳಿಂದ ಬಂದ ಜೆಪೆಗ್‌ಗಳು ಬೇರೆ. ಲೋಗೊ, ಚಿಹ್ನೆಗಳ ಮೂಲ ವೆಕ್ಟರ್ (ಗೆರೆಗಳ ಲೆಕ್ಕದಲ್ಲಿ ಬರೆದ) ಕಡತ ಸಿಗುವುದಾದರೆ ಎಸ್‌ವಿಜಿಯನ್ನೇ ಬಳಸಿ. ಪಿಕ್ಸೆಲ್‌ಗಳ ಗೊಡವೆಯೇ ಬೇಡ.

ಒಂದು ಬಿಟ್‌ನ ಪುಟಗಳನ್ನು ಕುರಿತು ಒಂದು ಎಚ್ಚರಿಕೆ. ಇವುಗಳಿಗೆ ಟಿಫ್ ಒಳಗಿನ ಜಿ4 ಸಂಕುಚನ ಈಗಲೂ ಬಹಳ ಒಳ್ಳೆಯದು. ಫ್ಯಾಕ್ಸ್ ಕಾಲದ ವಿಧಾನವಾದರೂ ಅಚ್ಚಿನ ಪುಟಕ್ಕೆ ಚೆನ್ನಾಗಿ ಒಗ್ಗುತ್ತದೆ. ಅವನ್ನು ಮುಟ್ಟದೆ ಬಿಡಿ. ಪಿಡಿಎಫ್ ಮಾಡುವ ತಂತ್ರಾಂಶ ಜೆಬಿಗ್2 ಎಂಬ ಸಂಕುಚನ ವಿಧಾನ ಬಳಸುವುದಾದರೆ ಅದರ ನಷ್ಟರಹಿತ ಆಯ್ಕೆಯನ್ನೇ ಆರಿಸಿ. ನಷ್ಟಸಹಿತ ಜೆಬಿಗ್2 ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ಎಂದು ಭಾವಿಸಿ, ಒಂದರ ಚಿತ್ರವನ್ನು ಎಲ್ಲ ಕಡೆಗೂ ಅಂಟಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಜೆರಾಕ್ಸ್ ಯಂತ್ರಗಳ ಸ್ಕ್ಯಾನ್‌ಗಳಲ್ಲಿ ಅಂಕಿಗಳೇ ಬದಲಾಗಿರುವುದನ್ನು ತೋರಿಸಿಕೊಟ್ಟದ್ದು ಈ ಕಾರಣದಿಂದಲೇ. ಪುಟ ಮಸುಕಾಗಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಇಲ್ಲಿ ಪುಟ ಸ್ಫುಟವಾಗಿರುತ್ತದೆ, ಅಂಕಿ ಮಾತ್ರ ತಪ್ಪಾಗಿರುತ್ತದೆ. ಕನ್ನಡದಲ್ಲಿ ದ, ಧ, ಥಗಳ ನಡುವೆ, ಪ, ಫ, ಷಗಳ ನಡುವೆ ಇರುವುದು ಒಂದು ಗೀಟು ಅಥವಾ ಚುಕ್ಕೆಯ ಅಂತರ. ಇಂಥ ಲಿಪಿಗೆ ಆ ವಿಧಾನ ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ.

ಜೆಪೆಗ್‌ಗಳ ಫೋಲ್ಡರನ್ನು ಪಿಎನ್‌ಜಿಗೋ ನಷ್ಟರಹಿತ ವೆಬ್‌ಪಿಗೋ ಬದಲಾಯಿಸಲು ಹೋಗಬೇಡಿ. ಹೋದ ವಿವರ ಮರಳಿ ಬರುವುದಿಲ್ಲ. ಫೈಲ್ ಮಾತ್ರ ಹಲವು ಪಟ್ಟು ದಪ್ಪವಾಗುತ್ತದೆ. ಅವುಗಳಿಗೆ ಬೇರೆ ದಾರಿ ಇದೆ, ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹಂತ 2: ಪಿಎನ್‌ಜಿಯನ್ನೇ ಒಮ್ಮೆ ಹಿಂಡಿ ನೋಡಿ

ಎಷ್ಟೋ ಪಿಎನ್‌ಜಿಗಳು ದೊಡ್ಡದಾಗಿರುವುದು ಫಾರ್ಮ್ಯಾಟ್‌ನ ತಪ್ಪಿನಿಂದಲ್ಲ, ಉಳಿಸಿದ ತಂತ್ರಾಂಶದ ಸೋಮಾರಿತನದಿಂದ. ಆಕ್ಸಿಪಿಎನ್‌ಜಿ ಎಂಬ ಉಚಿತ ಸಾಧನ ಫಿಲ್ಟರ್‌ಗಳನ್ನು ಬದಲಿಸಿ ಬದಲಿಸಿ ನೋಡುತ್ತದೆ, ಬಳಕೆಯಾಗದ ಪಾರದರ್ಶಕ ಚಾನೆಲ್ ಇದ್ದರೆ ತೆಗೆಯುತ್ತದೆ, ಬಣ್ಣಗಳು ಕಡಿಮೆಯಿದ್ದರೆ ಪ್ಯಾಲೆಟ್‌ಗೆ (ಬಣ್ಣಗಳ ಚಿಕ್ಕ ಪಟ್ಟಿಗೆ) ಇಳಿಸುತ್ತದೆ. ಚಿತ್ರ ಬದಲಾಗುವುದಿಲ್ಲ. ಇನ್ನೂ ಹೆಚ್ಚು ಹಿಂಡಬೇಕೆಂದರೆ ಗೂಗಲ್‌ನ ಜೋಪ್‌ಫ್ಲಿ ಇದೆ; ತಾಳ್ಮೆ ಬೇಕು. ಪಿಎನ್‌ಜಿಯನ್ನಷ್ಟೇ ಒಪ್ಪುವ ಜಾಗಗಳಿಗೆ ಕಳುಹಿಸಬೇಕಾದ ಚಿತ್ರಗಳಿಗೆ ಇಷ್ಟೇ ಸಾಕಾದೀತು.

ಆದರೆ ಪಿಎನ್‌ಜಿಕ್ವಾಂಟ್ ಮತ್ತು ‘ಪಿಎನ್‌ಜಿ ಚಿಕ್ಕದು ಮಾಡಿಕೊಡುತ್ತೇವೆ’ ಎನ್ನುವ ಹಲವು ಜಾಲತಾಣಗಳು ಮಾಡುವುದು ಬೇರೆಯ ಕೆಲಸ: ಬಣ್ಣಗಳನ್ನು 256ಕ್ಕೆ ಇಳಿಸುತ್ತವೆ. ಶೇ. 70 ಕಡಿಮೆಯಾಯಿತು ಎಂದು ಹಿಗ್ಗುವ ಮೊದಲು ಏನು ಕಳೆಯಿತೆಂದು ನೋಡಿ. ಹೊರಬರುವುದು ಪಿಎನ್‌ಜಿಯೇ, ನಷ್ಟ ಆಗಿರುವುದು ಅದಕ್ಕೆ ಮೊದಲೇ.

ಹಂತ 3: ಜಾಲತಾಣದ ಚಿತ್ರಗಳಿಗೆ ನಷ್ಟರಹಿತ ವೆಬ್‌ಪಿ

ಆಜ್ಞೆಗಳ ಗೋಜು ಬೇಡ ಎನ್ನುವವರು ಸ್ಕ್ವೂಶ್ ಎಂಬ ಜಾಲತಾಣದಿಂದ ಆರಂಭಿಸಬಹುದು. ಅದು ಬ್ರೌಸರ್ ಒಳಗೇ ಓಡುತ್ತದೆ, ನಿಮ್ಮ ಚಿತ್ರ ಯಾವ ಸರ್ವರ್‌ಗೂ ಹೋಗುವುದಿಲ್ಲ. ಬಲಬದಿಯಲ್ಲಿ ವೆಬ್‌ಪಿ ಆರಿಸಿ, ಲಾಸ್‌ಲೆಸ್ ಎಂಬ ಗುರುತಿನ ಚೌಕವನ್ನು ಒತ್ತಿ. ಕೆಳಗೆ ‘ಸ್ಲೈಟ್ ಲಾಸ್’ ಎಂಬ ಜಾರುಪಟ್ಟಿ ಕಾಣುತ್ತದೆ. ಅದು ಸೊನ್ನೆಯಲ್ಲೇ ಇರಲಿ. ಬೆರಳೆಣಿಕೆಯ ಸ್ಕ್ರೀನ್‌ಶಾಟ್‌ಗಳಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸಂಗ್ರಹದ ಮೂಲ ಪ್ರತಿಗಳಿಗೆ ಮಾತ್ರ ಇದನ್ನು ಬಳಸಬೇಡಿ. ಬ್ರೌಸರ್ ಚಿತ್ರವನ್ನು ತೆರೆಯುವಾಗಲೇ 8 ಬಿಟ್‌ಗೆ ಇಳಿಸಿ, ಬಣ್ಣದ ಪ್ರೊಫೈಲ್ (ಅಂಕಿಗಳನ್ನು ಯಾವ ಬಣ್ಣವಾಗಿ ತೋರಿಸಬೇಕೆಂಬ ಮಾಹಿತಿ) ಪ್ರಕಾರ ಮೌಲ್ಯಗಳನ್ನು ಬದಲಿಸಿರಬಹುದು. ಸಂಕುಚನ ನಷ್ಟರಹಿತವೇ, ಆದರೆ ಅದಕ್ಕೆ ಸಿಕ್ಕ ಚಿತ್ರವೇ ಬೇರೆಯಾಗಿರುತ್ತದೆ. ಚಿತ್ರ ತಿದ್ದುವ ಜಿಂಪ್ ತಂತ್ರಾಂಶ ಬಳಸುವವರಿಗೆ ರಫ್ತು ಮಾಡುವಾಗ ಅದೇ ಲಾಸ್‌ಲೆಸ್ ಚೌಕ ಸಿಗುತ್ತದೆ. ಸಾಲು ಸಾಲು ಫೈಲ್‌ಗಳಿದ್ದರೆ ಎಕ್ಸ್‌ಎನ್‌ಕನ್ವರ್ಟ್ ಒಂದೇ ಬಾರಿಗೆ ಬದಲಿಸಿಕೊಡುತ್ತದೆ.

ಟರ್ಮಿನಲ್ ಒಗ್ಗುವವರಿಗೆ ಗೂಗಲ್‌ನ ಸಿವೆಬ್‌ಪಿ ಸಾಧನ ಒಳ್ಳೆಯದು. ಇಲ್ಲಿ ಎಡವುವ ಜಾಗಗಳು ಹಲವು.

‘ಕ್ಯೂ’ ಆಯ್ಕೆಗೆ 100 ಕೊಟ್ಟರೆ ನಷ್ಟರಹಿತವಾಯಿತು ಎಂದು ತಿಳಿಯುವವರು ಬಹಳ ಮಂದಿ. ಅಲ್ಲ. ‘ಲಾಸ್‌ಲೆಸ್’ ಆಯ್ಕೆ ಕೊಡದಿದ್ದರೆ ನೂರು ಎಂದರೂ ಅದು ನಷ್ಟಸಹಿತವೇ. ಬಣ್ಣದ ವಿವರವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿಸಿಯೇ ಉಳಿಸುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರಗಳಿರುವ ಸ್ಕ್ರೀನ್‌ಶಾಟ್ ಕೊಟ್ಟು ದೊಡ್ಡದು ಮಾಡಿ ನೋಡಿ, ಅಂಚುಗಳು ಸೋರಿರುವುದು ಕಾಣುತ್ತದೆ. ‘ಲಾಸ್‌ಲೆಸ್’ ಕೊಟ್ಟ ಮೇಲೆ ಅದೇ ‘ಕ್ಯೂ’ ಬೇರೆ ಅರ್ಥ ಪಡೆಯುತ್ತದೆ: ಗುಣಮಟ್ಟವಲ್ಲ, ಕುಗ್ಗಿಸಲು ಎಷ್ಟು ಹೆಣಗಬೇಕು ಎಂಬುದು. ಈ ಗೊಂದಲ ಬೇಡವೆಂದರೆ ‘ಜೆಡ್’ ಆಯ್ಕೆ ಬಳಸಿ. 0ಯಿಂದ 9ರವರೆಗಿದೆ, 9 ಎಂದರೆ ನಿಧಾನ ಮತ್ತು ಚಿಕ್ಕದು.

ಮೆಟಾಡೇಟಾವನ್ನು, ಅಂದರೆ ಚಿತ್ರದ ಜೊತೆಗಿರುವ ಮಾಹಿತಿಯನ್ನು, ಸಿವೆಬ್‌ಪಿ ತಾನಾಗಿ ನಕಲು ಮಾಡುವುದಿಲ್ಲ. ಬಣ್ಣದ ಪ್ರೊಫೈಲ್, ಎಕ್ಸಿಫ್ ಎಲ್ಲವೂ ಸದ್ದಿಲ್ಲದೆ ಉದುರುತ್ತವೆ. ಪಿಕ್ಸೆಲ್ ಮೌಲ್ಯ ಅದೇ ಇದ್ದರೂ ಪ್ರೊಫೈಲ್ ಹೋದ ಮೇಲೆ ಪರದೆಯಲ್ಲಿ ಬಣ್ಣ ಬೇರೆಯಾಗಿ ಕಾಣಬಹುದು. ‘ಮೆಟಾಡೇಟಾ’ ಆಯ್ಕೆಗೆ ‘ಆಲ್’ ಎಂದು ಕೊಟ್ಟರೆ ಉಳಿಯುತ್ತದೆ. ಮೊಬೈಲ್‌ನಲ್ಲಿ ತೆಗೆದ ಚಿತ್ರವಾದರೆ ಎಕ್ಸಿಫ್‌ನಲ್ಲಿ ನಿಮ್ಮ ಮನೆಯ ಜಿಪಿಎಸ್ ಸ್ಥಾನವೂ ಇರಬಹುದು. ಜಾಲತಾಣಕ್ಕೆ ಏರಿಸುವಾಗ ಪ್ರೊಫೈಲ್ ಮಾತ್ರ ಉಳಿಸುವುದು ಜಾಣತನ.

ಪೂರ್ತಿ ಪಾರದರ್ಶಕವಾದ ಪಿಕ್ಸೆಲ್‌ಗಳ ಅಡಿಯಲ್ಲಿ ಅಡಗಿದ ಬಣ್ಣವನ್ನೂ ಅದು ಅಳಿಸಿಹಾಕುತ್ತದೆ. ಕಣ್ಣಿಗೆ ಕಾಣದ್ದರಿಂದ ಜಾಲತಾಣಕ್ಕೆ ಇದು ಲಾಭವೇ. ಆಟದ ತಂತ್ರಾಂಶಕ್ಕೋ ಮತ್ತೆ ತಿದ್ದುವುದಕ್ಕೋ ಬೇಕಾದ ಚಿತ್ರವಾದರೆ ‘ಎಕ್ಸಾಕ್ಟ್’ ಆಯ್ಕೆ ಸೇರಿಸಿ. ಚಾನೆಲ್‌ಗೆ 16 ಬಿಟ್ ಇರುವ ಪಿಎನ್‌ಜಿ ಕೊಟ್ಟರೆ ಕೆಳಗಿನ 8 ಬಿಟ್ ಹೋಗುತ್ತದೆ; ಅಂಥವನ್ನು ಇಲ್ಲಿಗೆ ತರಲೇಬೇಡಿ.

ಚಲಿಸುವ ಜಿಫ್‌ಗಳಿಗೆ ಜಿಫ್2ವೆಬ್‌ಪಿ ಎಂಬ ಜೊತೆ ಸಾಧನವಿದೆ. ಅದು ತಾನಾಗಿಯೇ ನಷ್ಟರಹಿತ; ಬೇರೇನೂ ಕೊಡಬೇಕಿಲ್ಲ.

ಎಲ್ಲಕ್ಕೂ ಮುಂಚೆ ಸಾಧನದ ಹೊಸ ಆವೃತ್ತಿ ಹಾಕಿಕೊಳ್ಳಿ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಗ್ರಂಥಾಲಯದ ನಷ್ಟರಹಿತ ಭಾಗದಲ್ಲಿಯೇ ಗಂಭೀರ ಭದ್ರತಾ ಲೋಪ ಪತ್ತೆಯಾಗಿ, ಬ್ರೌಸರ್‌ಗಳೆಲ್ಲ ತುರ್ತಾಗಿ ಹೊಸ ಆವೃತ್ತಿ ಬಿಡಬೇಕಾಯಿತು. ಹಳೆಯ ಚಿತ್ರ ವೀಕ್ಷಕ ತಂತ್ರಾಂಶಗಳಲ್ಲಿ ಆ ಲೋಪ ಹಾಗೆಯೇ ಉಳಿದಿರಬಹುದು.

ಹಂತ 4: ಸಂಗ್ರಹದ ಪ್ರತಿಗಳಿಗೆ ಜೆಪೆಗ್ ಎಕ್ಸ್‌ಎಲ್

ಇದರ ಮೂಲ ಸಾಧನ ಸಿಜೆಎಕ್ಸ್‌ಎಲ್. ಮರಳಿ ತೆಗೆಯಲು ಡಿಜೆಎಕ್ಸ್‌ಎಲ್. ಎರಡೂ ಉಚಿತ.

ಮೊದಲ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು: ಪಿಎನ್‌ಜಿ ಕೊಟ್ಟು ಬೇರೇನೂ ಹೇಳದಿದ್ದರೆ ಸಿಜೆಎಕ್ಸ್‌ಎಲ್ ನಷ್ಟಸಹಿತವಾಗಿಯೇ ಕುಗ್ಗಿಸುತ್ತದೆ. ‘ಡಿ’ ಆಯ್ಕೆಯ ಸಹಜ ಮೌಲ್ಯ 1. ಕಣ್ಣಿಗೆ ವ್ಯತ್ಯಾಸ ಕಾಣದಷ್ಟು, ಆದರೆ ಪಿಕ್ಸೆಲ್ ಬೇರೆ. ‘ಡಿ’ಗೆ 0 ಕೊಟ್ಟರೆ ಮಾತ್ರ ನಷ್ಟರಹಿತ. ಫೈಲ್ ನಿರೀಕ್ಷೆಗಿಂತ ಬಹಳ ಚಿಕ್ಕದಾಗಿ ಬಂದರೆ ಖುಷಿಪಡುವ ಮೊದಲು ಇದನ್ನೇ ಅನುಮಾನಿಸಿ.

‘ಇ’ ಆಯ್ಕೆ ಶ್ರಮದ್ದು. ಸಹಜ ಮೌಲ್ಯ 7. ದೊಡ್ಡ ಸ್ಕ್ಯಾನ್‌ಗಳಿಗೆ ಇದನ್ನು ಮೀರಬೇಡಿ; 9ಕ್ಕೆ ಏರಿಸಿದರೆ ಸಮಯವೂ ಮೆಮೊರಿಯೂ ಸಿಕ್ಕಾಪಟ್ಟೆ ಹಿಡಿಯುತ್ತದೆ, ಸಿಗುವ ಉಳಿತಾಯ ಅಲ್ಪ. ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ 1 ಕೊಟ್ಟು ನೋಡಿ. ಬಹಳ ವೇಗವಾಗಿ ಮುಗಿಯುತ್ತದೆ, ಆದರೂ ಪಿಎನ್‌ಜಿಗಿಂತ ಸಾಮಾನ್ಯವಾಗಿ ಚಿಕ್ಕದೇ ಬರುತ್ತದೆ.

ಟಿಫ್‌ಗಳನ್ನು ಸಿಜೆಎಕ್ಸ್‌ಎಲ್ ನೇರವಾಗಿ ಓದುವುದಿಲ್ಲ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ಸಾಧನದಿಂದ ಮೊದಲು ಪಿಎನ್‌ಜಿ ಮಾಡಿಕೊಳ್ಳಿ. ಒಂದೇ ಟಿಫ್‌ನಲ್ಲಿ ಹಲವು ಪುಟಗಳಿದ್ದರೆ ಬಿಡಿಬಿಡಿಯಾಗಿ ಒಡೆದು, ಪುಟಸಂಖ್ಯೆಗೆ 001, 002 ಎಂದು ಮೂರು ಅಂಕಿ ಕೊಡಿ; ಇಲ್ಲದಿದ್ದರೆ 10ನೇ ಪುಟ 2ನೇ ಪುಟಕ್ಕಿಂತ ಮುಂದೆ ಬಂದು ಕೂರುತ್ತದೆ. ಸಿಎಂವೈಕೆ ಟಿಫ್‌ಗಳು ಪಿಎನ್‌ಜಿ ಮೂಲಕ ಹೋಗಲಾರವು, ಬಣ್ಣ ಬದಲಾಗುತ್ತದೆ. ಮುದ್ರಣಕ್ಕೆಂದು ಸಿದ್ಧಪಡಿಸಿದ ಅಂಥ ಕಡತಗಳನ್ನು ಜಿಪ್ ಸಂಕುಚನದ ಟಿಫ್ ಆಗಿಯೇ ಇಟ್ಟುಕೊಳ್ಳಿ. ಡಿಟಿಪಿ ಅಂಗಡಿಯವರು ಕೇಳುವುದೂ ಅದನ್ನೇ.

ಈಗ ಒಂದನೇ ಹಂತದಲ್ಲಿ ಬದಿಗಿಟ್ಟ ಜೆಪೆಗ್‌ಗಳು. ಜೆಪೆಗ್ ಎಕ್ಸ್‌ಎಲ್‌ನ ಸೊಗಸೆಂದರೆ, ಹಳೆಯ ಜೆಪೆಗ್ ಫೈಲನ್ನು ಪಿಕ್ಸೆಲ್‌ಗಳಿಗೆ ಬಿಚ್ಚದೆ, ಒಳಗಿನ ಅಂಕಿಗಳನ್ನೇ ಇನ್ನೂ ಒತ್ತಾಗಿ ಜೋಡಿಸಿಡುತ್ತದೆ. ಸುಮಾರು ಐದನೇ ಒಂದು ಭಾಗ ಜಾಗ ಉಳಿಯುತ್ತದೆ. ಬೇಕೆಂದಾಗ ಡಿಜೆಎಕ್ಸ್‌ಎಲ್ ಅದೇ ಜೆಪೆಗ್ ಅನ್ನು ಬೈಟ್ ಬೈಟ್ ತಪ್ಪದೆ ಹಿಂದಿರುಗಿಸುತ್ತದೆ. ಜೆಪೆಗ್ ಕೊಟ್ಟಾಗ ಸಿಜೆಎಕ್ಸ್‌ಎಲ್ ಮಾಡುವ ಸಹಜ ಕೆಲಸ ಇದೇ. ಯಾವ ಆಯ್ಕೆಯೂ ಬೇಡ. ಹತ್ತು ಹದಿನೈದು ವರ್ಷಗಳ ಮನೆಯ ಫೋಟೊಗಳನ್ನು ಇಟ್ಟುಕೊಂಡವರು ಈ ಒಂದು ಸೌಲಭ್ಯಕ್ಕಾಗಿಯೇ ಇದನ್ನು ಕಲಿಯಬಹುದು.

ಇಲ್ಲಿ ನಿರೀಕ್ಷೆಯನ್ನೂ ಸರಿಯಾಗಿ ಇಟ್ಟುಕೊಳ್ಳಬೇಕು. ಹಳದಿಗಟ್ಟಿದ ಕಾಗದದ ಬಣ್ಣದ ಸ್ಕ್ಯಾನ್‌ನಲ್ಲಿ ನಾರು, ದೂಳು, ಸ್ಕ್ಯಾನರ್‌ನ ಸಂವೇದಕ ತಾನೇ ಸೇರಿಸಿದ ನಾಯ್ಸ್, ಎಲ್ಲವೂ ಪಿಕ್ಸೆಲ್‌ಗಳಲ್ಲಿ ಕೂತಿರುತ್ತವೆ. ನಷ್ಟರಹಿತ ಎಂದ ಮೇಲೆ ಅವನ್ನೆಲ್ಲ ಉಳಿಸಲೇಬೇಕು, ಗೊತ್ತುಗುರಿಯಿಲ್ಲದ ನಾಯ್ಸ್ ಅನ್ನು ಯಾವ ವಿಧಾನವೂ ಹೆಚ್ಚು ಕುಗ್ಗಿಸಲಾರದು. ಸ್ಕ್ರೀನ್‌ಶಾಟ್ ಕುಗ್ಗಿದಷ್ಟು ಸ್ಕ್ಯಾನ್ ಕುಗ್ಗಲಿಲ್ಲವೆಂದರೆ ಸಾಧನದ ದೋಷವಲ್ಲ. ಪುಟದಲ್ಲಿ ಕಪ್ಪು ಅಕ್ಷರವಲ್ಲದೆ ಬೇರೇನೂ ಇಲ್ಲದಿದ್ದರೆ ಬಣ್ಣದ ಬದಲು ಬೂದು ಛಾಯೆಯಲ್ಲಿ ಸ್ಕ್ಯಾನ್ ಮಾಡಿದ್ದರೇ ಮೂರನೇ ಎರಡು ಭಾಗ ಮೊದಲೇ ಉಳಿಯುತ್ತಿತ್ತು. ಫಾರ್ಮ್ಯಾಟ್ ಬದಲಾವಣೆಗಿಂತ ದೊಡ್ಡ ಉಳಿತಾಯ ಎಷ್ಟೋ ಸಲ ಸ್ಕ್ಯಾನರ್‌ನ ಗುಂಡಿಯಲ್ಲಿರುತ್ತದೆ.

ಹಂತ 5: ನಂಬಬೇಡಿ, ಹೋಲಿಸಿ

ಬದಲಾಯಿಸಿದ ಪ್ರತಿ ಫೈಲನ್ನೂ ಮರಳಿ ಪಿಎನ್‌ಜಿ ಮಾಡಿ ಮೂಲದೊಂದಿಗೆ ಹೋಲಿಸಬೇಕು. ಇಮೇಜ್‌ಮ್ಯಾಜಿಕ್‌ನ ‘ಕಂಪೇರ್’ ಆಜ್ಞೆಗೆ ‘ಎಇ’ ಎಂಬ ಅಳತೆ ಕೊಟ್ಟರೆ, ಎರಡು ಚಿತ್ರಗಳಲ್ಲಿ ಎಷ್ಟು ಪಿಕ್ಸೆಲ್‌ಗಳು ಬೇರೆಯಾಗಿವೆ ಎಂದು ಹೇಳುತ್ತದೆ. ಉತ್ತರ 0 ಬರಬೇಕು. 3 ಬಂದರೂ ಆಗದು, 0 ಮಾತ್ರ. ನೂರಾರು ಫೈಲ್‌ಗಳಿದ್ದರೆ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಸಿಕೊಂಡು ರಾತ್ರಿಯಿಡೀ ಓಡಲು ಬಿಡಿ. ಕಣ್ಣಿನಿಂದ ನೋಡಿ ‘ಒಂದೇ ಥರ ಇದೆ’ ಎನ್ನುವುದು ಪರಿಶೀಲನೆಯಲ್ಲ. ನಷ್ಟಸಹಿತ ವಿಧಾನಗಳ ಉದ್ದೇಶವೇ ಕಣ್ಣನ್ನು ಮರೆಸುವುದು.

ಫೈಲ್‌ಗಳ ಚೆಕ್‌ಸಮ್ (ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸಲು ಹೋಗಿ ಗಾಬರಿಯಾಗುವವರಿದ್ದಾರೆ. ಪಿಎನ್‌ಜಿಯನ್ನು ಜೆಪೆಗ್ ಎಕ್ಸ್‌ಎಲ್ ಮಾಡಿ ಮರಳಿ ಪಿಎನ್‌ಜಿ ಮಾಡಿದರೆ ಪಿಕ್ಸೆಲ್‌ಗಳು ಅವೇ ಇರುತ್ತವೆ, ಫೈಲಿನ ಬೈಟ್‌ಗಳು ಬೇರೆಯಾಗುತ್ತವೆ, ಏಕೆಂದರೆ ಅದು ಹೊಸದಾಗಿ ಕುಗ್ಗಿಸಿದ ಪಿಎನ್‌ಜಿ. ಆದ್ದರಿಂದ ಪಿಎನ್‌ಜಿ, ಟಿಫ್‌ಗಳಿಗೆ ಪಿಕ್ಸೆಲ್ ಹೋಲಿಕೆ ಮಾಡಿ. ಜೆಪೆಗ್‌ನಿಂದ ಹೋಗಿ ಜೆಪೆಗ್‌ಗೆ ಮರಳಿದ್ದಕ್ಕೆ ಮಾತ್ರ ಎಸ್‌ಎಚ್‌ಎ-256 ಚೆಕ್‌ಸಮ್ ತಾಳೆಯಾಗಲೇಬೇಕು.

ಪಿಕ್ಸೆಲ್ ಹೋಲಿಕೆ ಮೆಟಾಡೇಟಾವನ್ನು ನೋಡುವುದಿಲ್ಲ. ಸ್ಕ್ಯಾನ್‌ನಲ್ಲಿ ಡಿಪಿಐ, ದಿನಾಂಕ, ನೀವು ಬರೆದ ಟಿಪ್ಪಣಿ ಇದ್ದರೆ ಎಕ್ಸಿಫ್‌ಟೂಲ್‌ನಿಂದ ಎರಡೂ ಫೈಲ್‌ಗಳನ್ನು ಓದಿಸಿ ನೋಡಿ. ನನ್ನ ಸಲಹೆ ಕೇಳುವುದಾದರೆ, ಬೇಕಾದ ಮಾಹಿತಿಯನ್ನೆಲ್ಲ ಅದೇ ಫೋಲ್ಡರ್‌ನಲ್ಲಿ ಒಂದು ಸರಳ ಪಠ್ಯ ಫೈಲಿನಲ್ಲಿ ಬರೆದಿಡಿ. ಯಾವ ಫಾರ್ಮ್ಯಾಟ್ ಬಂದರೂ ಹೋದರೂ ಅದು ಓದಲು ಸಿಗುತ್ತದೆ.

ಹಂತ 6: ಹಂಚುವಾಗ

ಜಾಲತಾಣಕ್ಕೆ ವೆಬ್‌ಪಿಯನ್ನು ನೇರವಾಗಿ ಏರಿಸಿ. ವರ್ಡ್‌ಪ್ರೆಸ್ 2021ರ 5.8 ಆವೃತ್ತಿಯಿಂದ ಅದನ್ನು ಒಪ್ಪುತ್ತದೆ. ಆದರೆ ಇಂಥ ವ್ಯವಸ್ಥೆಗಳು ನಿಮ್ಮ ಚಿತ್ರದಿಂದ ಚಿಕ್ಕ ಅಳತೆಯ ಪ್ರತಿಗಳನ್ನು ತಾವೇ ತಯಾರಿಸುತ್ತವೆ, ಓದುಗರಿಗೆ ಬಹುತೇಕ ತಲುಪುವುದು ಆ ಪ್ರತಿಗಳೇ. ಅಕ್ಷರಗಳಿರುವ ಚಿತ್ರವನ್ನು ಬೇಕಾದ ಅಗಲಕ್ಕೆ ನೀವೇ ಇಳಿಸಿ, ಪೂರ್ಣ ಅಳತೆಯಲ್ಲಿ ತೋರಿಸುವಂತೆ ಹೊಂದಿಸಿ. ಜೆಪೆಗ್ ಎಕ್ಸ್‌ಎಲ್ ಅನ್ನೂ ಕೊಡುವ ಆಸೆಯಿದ್ದರೆ ಎಚ್‌ಟಿಎಂಎಲ್‌ನ ‘ಪಿಕ್ಚರ್’ ಟ್ಯಾಗ್ ಒಳಗೆ ಅದನ್ನು ಮೊದಲು, ವೆಬ್‌ಪಿಯನ್ನು ನಂತರ ಬರೆಯಿರಿ. ಬ್ರೌಸರ್ ತನಗೆ ತಿಳಿದಿರುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಎಲ್ಲ ಶ್ರಮವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದು ಮತ್ತೆ ಕುಗ್ಗಿಸಿಯೇ ಕಳುಹಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ. ಕನ್ನಡ ವಿಕಿಸೋರ್ಸ್‌ಗಾಗಿಯೋ ವಿಕಿಪೀಡಿಯಕ್ಕಾಗಿಯೋ ವಿಕಿಮೀಡಿಯ ಕಾಮನ್ಸ್‌ಗೆ ಏರಿಸುವವರು ಪಿಎನ್‌ಜಿ ಅಥವಾ ಟಿಫ್ ಅನ್ನೇ ಕೊಡಿ. ಜೆಪೆಗ್ ಎಕ್ಸ್‌ಎಲ್ ಅಲ್ಲಿ ಸಲ್ಲುವುದಿಲ್ಲ. ಸರ್ಕಾರಿ ಅರ್ಜಿಗಳ ತಾಣಗಳು ಜೆಪೆಗ್ ಕೇಳಿದರೆ ವಾದಿಸದೆ ಜೆಪೆಗ್ ಕೊಡಿ.

ಹಂತ 7: ಮೂಲವನ್ನು ಅಳಿಸುವುದು ಯಾವಾಗ

ಜಾಲತಾಣಕ್ಕಾಗಿ ವೆಬ್‌ಪಿ ಮಾಡಿದ ಚಿತ್ರಗಳ ಮೂಲ ಪಿಎನ್‌ಜಿಯನ್ನು ಅಳಿಸುವ ಅಗತ್ಯವೇ ಇಲ್ಲ. ಅವು ಹಿಡಿಯುವ ಜಾಗ ಅಷ್ಟರಲ್ಲೇ ಇರುತ್ತದೆ. ಪ್ರಶ್ನೆ ಏಳುವುದು ಸ್ಕ್ಯಾನ್‌ಗಳ ಟಿಫ್‌ಗಳಿಗೆ. ಐದನೇ ಹಂತದ ಹೋಲಿಕೆಯಲ್ಲಿ ಪ್ರತಿ ಫೈಲೂ 0 ತೋರಿಸಿರಬೇಕು. ಹೊಸ ಪ್ರತಿಗಳು ಎರಡು ಬೇರೆ ಡಿಸ್ಕ್‌ಗಳಲ್ಲಿರಬೇಕು, ಎರಡೂ ಒಂದೇ ಮನೆಯಲ್ಲಿರಬಾರದು. ಬದಲಾಯಿಸಿದ ಯಂತ್ರವಲ್ಲದೆ ಇನ್ನೊಂದು ಯಂತ್ರದಲ್ಲೂ ತೆರೆದು ನೋಡಿರಬೇಕು: ಮ್ಯಾಕ್‌ನಲ್ಲಿ ಸೊನೋಮಾದಿಂದ ಈಚೆಗೆ ಪ್ರಿವ್ಯೂ ಸಾಕು, ವಿಂಡೋಸ್‌ನಲ್ಲಿ ಎಕ್ಸ್‌ಎನ್‌ವ್ಯೂ ಎಂಪಿ, ಲಿನಕ್ಸ್‌ನಲ್ಲಿ ಜಿಂಪ್. ಡಿಜೆಎಕ್ಸ್‌ಎಲ್ ಸಾಧನದ ಒಂದು ಪ್ರತಿಯನ್ನು ಅದರ ಮೂಲ ಸಂಕೇತದ ಸಮೇತ ಅದೇ ಡಿಸ್ಕ್‌ನಲ್ಲಿ ಇಟ್ಟಿರಬೇಕು. ಕೆಲವೇ ಎಂಬಿ ಹಿಡಿಯುತ್ತದೆ. ಇಷ್ಟಾದ ಮೇಲೆ ಟಿಫ್ ಅಳಿಸಬಹುದು.

ಕಾಗದದ ಮೂಲ ಪುಸ್ತಕ ನಿಮ್ಮ ಬಳಿ ಇನ್ನು ಇಲ್ಲ, ಅಥವಾ ಅದು ಪುಡಿಯಾಗುವ ಸ್ಥಿತಿಯಲ್ಲಿದೆ ಎಂದಾದರೆ ಮಾತ್ರ ಅಳಿಸಬೇಡಿ. ಅಂಥ ಟಿಫ್‌ಗಳನ್ನು ಜಿಪ್ ಸಂಕುಚನದೊಂದಿಗೆ ಮತ್ತೆ ಉಳಿಸಿ ಬೇರೆ ಡಿಸ್ಕ್‌ಗೆ ಹಾಕಿ, ದಿನನಿತ್ಯದ ಬಳಕೆಗೆ ಜೆಪೆಗ್ ಎಕ್ಸ್‌ಎಲ್ ಪ್ರತಿ ಇಟ್ಟುಕೊಳ್ಳಿ. ಆ ಡಿಸ್ಕನ್ನು ವರ್ಷಕ್ಕೊಮ್ಮೆ ಯಂತ್ರಕ್ಕೆ ಜೋಡಿಸಿ ಚೆಕ್‌ಸಮ್‌ಗಳನ್ನು ಓಡಿಸಿ ನೋಡಿ.